ಔಷಧಿ ಹೊಡೆಯದೆ ಬಿಟ್ಟ ಮರಗಳ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಎಲೆಚುಕ್ಕೆ ರೋಗಕ್ಕೆ ಕಂಗೆಟ್ಟಿರುವ ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ಬೆಳೆಗಾರರಿಗೆ ‘ಒಂದೇ ಸಿಂಪಡಣೆಗೆ ರೋಗ ಮಾಯ’ ಎಂದು ಟಾನಿಕ್ ಮಾರುವವರು ಪುರಾವೆಯಾಗಿ ಎರಡು ಫೋಟೊ ತೋರಿಸುತ್ತಾರೆ: ಮೊದಲು ಒಣಗಿದ ಸೋಗೆ, ಆಮೇಲೆ ಹಸಿರು ಸೋಗೆ.

ಆ ಫೋಟೊಗಳ ತಾರೀಖು ಕೇಳಿ. ಎಲೆಚುಕ್ಕೆ ತರುವ ಶಿಲೀಂಧ್ರಗಳು ಹಬ್ಬುವುದು ಮಳೆ, ತೇವ ಇದ್ದಾಗ. ಬಿಸಿಲು ಬಲಿತರೆ ರೋಗದ ಓಟ ತಾನಾಗಿ ತಗ್ಗುತ್ತದೆ. ಮರ ವರ್ಷಕ್ಕೆ ಆರೇಳು ಹೊಸ ಸೋಗೆ ಬಿಡುವುದರಿಂದ ತುದಿಯಲ್ಲಿ ಹಸಿರೂ ಕಾಣುತ್ತದೆ. ನವೆಂಬರಿನಲ್ಲಿ ಬರೀ ನೀರು ಹೊಡೆದು ಮಾರ್ಚಿನಲ್ಲಿ ಫೋಟೊ ತೆಗೆದರೂ ಹಾಗೆಯೇ ಬಂದೀತು.

ಪರೀಕ್ಷೆ ಮಾಡುವುದಾದರೆ ಮಳೆಗಾಲಕ್ಕೆ ಮುಂಚೆ ಮಾಡಬೇಕು. ಒಂದೇ ವಯಸ್ಸಿನ, ಒಂದೇ ಮಟ್ಟದ ರೋಗವಿರುವ 40 ಮರಗಳಿಗೆ ನಂಬರ್ ಹಾಕಿ, ಚೀಟಿ ಎತ್ತಿ 20ಕ್ಕೆ ಮಾತ್ರ ಟಾನಿಕ್ ಹೊಡೆಯಿರಿ. ಚೀಟಿ ಇಲ್ಲದಿದ್ದರೆ ಕೈ ಚೆನ್ನಾಗಿರುವ ಮರದ ಕಡೆಗೇ ಹೋಗುತ್ತದೆ. ಗಾಳಿಗೆ ತುಂತುರು ಪಕ್ಕಕ್ಕೆ ಹಾರುವುದರಿಂದ ಮರಗಳು ದೂರದೂರ ಇರಲಿ. ಮೇಲಿನ ಎರಡು ಸೋಗೆಗೆ ದಾರ ಕಟ್ಟಿ. ಕೊನೆಗಾರರು (ಮರ ಹತ್ತಿ ಅಡಿಕೆ ಕೊನೆ ಇಳಿಸುವವರು) ಹತ್ತಿದಾಗಲೆಲ್ಲ ಅದೇ ಸೋಗೆಯ ಚುಕ್ಕೆ ನೋಡಿ ಬರೆಸಿ. ಯಾವ ನಂಬರಿಗೆ ಹೊಡೆದಿದೆ ಎಂಬುದು ನೋಡುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಬಯಸಿದ್ದನ್ನೇ ಕಾಣುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎರಡೂ ಗುಂಪಿಗೆ ಸಮನಾಗಿರಲಿ. ಬೋರ್ಡೋ ಬಿದ್ದ ಮರಕ್ಕಷ್ಟೇ ಟಾನಿಕ್ಕೂ ಬಿದ್ದರೆ ಗುಣ ಯಾವುದರದು ಎಂದು ಹೇಳಲಾಗದು. ಹೆಚ್ಚು ಜನ ಎಡವುವುದು ಇಲ್ಲೇ.

ಬೋರ್ಡೋದಲ್ಲಿ ಗುಟ್ಟೇನೂ ಇಲ್ಲ: ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಉಜ್ಜಿದ ಕಬ್ಬಿಣದ ಕತ್ತಿ ಅದ್ದಿದಾಗ ತಾಮ್ರದ ಬಣ್ಣ ಅಂಟಿದರೆ ಸುಣ್ಣ ಸಾಲದೆಂದು ಅಲ್ಲೇ ತಿಳಿಯುತ್ತದೆ. ‘ರಹಸ್ಯ ಸೂತ್ರ’ದ ಡಬ್ಬಿಯಲ್ಲಿ ಹೀಗೆ ತಪ್ಪು ಹಿಡಿಯುವ ದಾರಿಯೇ ಇರುವುದಿಲ್ಲ. 1968ರ ಕೀಟನಾಶಕ ಕಾಯ್ದೆಯಡಿ ಶಿಲೀಂಧ್ರನಾಶಕಕ್ಕೂ ನೋಂದಣಿ ಬೇಕು. ನೋಂದಣಿ ಸಂಖ್ಯೆ, ಸಕ್ರಿಯ ಅಂಶದ ಹೆಸರು ಮತ್ತು ಪ್ರಮಾಣ, ಬ್ಯಾಚ್, ಅವಧಿ ಮುಗಿಯುವ ದಿನ ಡಬ್ಬಿಯ ಮೇಲಿವೆಯೇ ನೋಡಿ. ಡಬ್ಬಿಯ ಮೇಲಿನ ಚೀಟಿಯಲ್ಲಿ ‘ಬೆಳವಣಿಗೆ ವರ್ಧಕ’ ಎಂದಿದ್ದು, ಬಾಯಲ್ಲಿ ಮಾತ್ರ ‘ರೋಗಕ್ಕೆ ಮದ್ದು’ ಎನ್ನುವವರಿಗೆ, ಅದೇ ಮಾತನ್ನು ಬಿಲ್ಲಿನಲ್ಲಿ ಬರೆದುಕೊಡಿ ಎನ್ನಿ.

ತಮ್ಮ ಪತ್ರಿಕೆಗೂ ಒಂದು ವಿನಂತಿ. ಇಂಥ ಔಷಧಿಯ ಯಶೋಗಾಥೆ ಪ್ರಕಟಿಸುವಾಗ ಎಷ್ಟು ಮರಕ್ಕೆ ಹೊಡೆದರು, ಎಷ್ಟನ್ನು ಹೊಡೆಯದೆ ಬಿಟ್ಟಿದ್ದರು, ಯಾವ ತಿಂಗಳು ಎಂಬ ಮೂರು ವಿವರಗಳನ್ನು ಕೇಳಿ ಅಚ್ಚು ಹಾಕಿ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು