ದೇವರ ಹೆಸರಲ್ಲಿ ಬರೋ ವಾಯ್ಸ್ ಮೆಸೇಜ್‌ಗಳನ್ನ ಪರೀಕ್ಷೆ ಮಾಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಶಿವಮೊಗ್ಗ, ಭದ್ರಾವತಿ, ಸಾಗರ ಕಡೆ ಕ್ರೈಸ್ತರ ಮನೆಗಳಿಗೆ ಈಗೀಗ ವಾಟ್ಸಾಪ್‌ನಲ್ಲಿ ಪ್ರವಾದನೆ, ಅಂದ್ರೆ ದೇವರೇ ಹೇಳಿಕಳಿಸಿದ ಮಾತು, ಅಂತ ಬರ್ತಿರೋ ವಾಯ್ಸ್ ಮೆಸೇಜ್‌ಗಳ ಬಗ್ಗೆ ನಾಲ್ಕು ಮಾತು ಬರೀಲೇಬೇಕು ಅನ್ನಿಸ್ತು. ನಾನೂ ಅದೇ ವಿಶ್ವಾಸದಲ್ಲಿ ಬೆಳೆದವನು, ದೇವರು ಇವತ್ತಿಗೂ ಮಾತಾಡ್ತಾನೆ ಅಂತ ನಂಬಿರೋನು, ಅದಕ್ಕೇ ಹೊಟ್ಟೆ ಉರೀತಿದೆ.

ಭದ್ರಾವತಿಯಲ್ಲಿರೋ ನಮ್ಮ ದೊಡ್ಡಮ್ಮನಿಗೆ ಹೋದ ಮಳೆಗಾಲದಲ್ಲಿ ಗುರುತಿಲ್ಲದ ನಂಬರಿಂದ ಒಂದು ಮೆಸೇಜ್ ಬಂತು. "ಸಹೋದರಿ, ಕರ್ತರು ನನಗೆ ನಿಮ್ಮ ಮನೆ ತೋರಿಸಿದ್ರು, ಹಿಂದುಗಡೆ ಒಂದು ಮರ ಇದೆ, ಮನೇಲಿ ಒಬ್ರಿಗೆ ಮಂಡಿ ನೋವಿದೆ" ಅಂತ. ಮಲೆನಾಡಲ್ಲಿ ಹಿತ್ತಲಲ್ಲಿ ಮರ ಇಲ್ಲದ ಮನೆ ಎಲ್ಲಿದೆ ಹೇಳಿ. ಆದ್ರೆ ಒಂಟಿಯಾಗಿರೋ ಜೀವ, ದೇವರು ನನ್ನ ಮನೆ ನೋಡಿದಾನಲ್ಲ ಅಂತ ಅತ್ತೇ ಬಿಟ್ರು. ಆಮೇಲೆ ಶುರುವಾಯ್ತು, ಅಭಿಷೇಕದ ಎಣ್ಣೆಗೆ ಇಷ್ಟು, ಕಾಣಿಕೆಯ ಬೀಜ ಬಿತ್ತೋಕೆ ಇಷ್ಟು, ಇವತ್ತು ರಾತ್ರಿ ಹನ್ನೆರಡರೊಳಗೆ ಫೋನ್‌ಪೇ ಮಾಡಬೇಕು, ಮಕ್ಕಳಿಗೆ ಹೇಳಿದ್ರೆ ಆಶೀರ್ವಾದ ತಪ್ಪುತ್ತೆ, ಕೊನೆಗೆ ಶುಗರ್ ಮಾತ್ರೆ ನುಂಗೋದೇ ಅಪನಂಬಿಕೆ ಅಂತ. ಮಾತ್ರೆ ಬಿಟ್ರು. ಕಾಲಿನ ಗಾಯ ಮಾಯದೆ ಆಸ್ಪತ್ರೆಗೆ ಸೇರಿಸಿದ ಮೇಲೇ ನಮಗೆಲ್ಲ ವಿಷಯ ಗೊತ್ತಾಗಿದ್ದು.

ನನಗೆ ಆವಾಗಿಂದ ಬೈಬಲ್‌ನಲ್ಲಿ ಯೆರೆಮೀಯ ಅನ್ನೋ ಪ್ರವಾದಿಯ ಪುಸ್ತಕದ 28ನೇ ಅಧ್ಯಾಯವೇ ತಲೇಲಿ ಸುತ್ತುತ್ತಿದೆ. ಹನನ್ಯ ಅನ್ನೋನು ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಇನ್ನು 2 ವರ್ಷದೊಳಗೆ ಬಾಬೆಲಿಗೆ, ಅಂದ್ರೆ ಬ್ಯಾಬಿಲೋನಿಗೆ, ಸೆರೆ ಹೋದ ನಮ್ಮ ಜನರೆಲ್ಲ ವಾಪಸ್ ಬರ್ತಾರೆ, ಯೆಹೋವ ದೇವರೇ ಹೇಳಿದಾನೆ ಅಂತಾನೆ, ಜನಕ್ಕೆ ಅದಕ್ಕಿಂತ ಸಿಹಿ ಮಾತು ಯಾವುದಿತ್ತು. ಬಾಬೆಲಿಗೆ ಅಧೀನರಾಗಿರಬೇಕು ಅನ್ನೋದರ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗ ಕಿತ್ತು ಮುರಿದೂ ಹಾಕ್ತಾನೆ. ಯೆರೆಮೀಯ ಏನು ಮಾಡಿದ ನೋಡಿ, ಆಮೆನ್, ಹಾಗೇ ಆಗಲಿ, ಆದ್ರೆ ಸಮಾಧಾನ ಹೇಳೋ ಪ್ರವಾದಿಯ ಮಾತು ನಡೆದ ಮೇಲೆ ಅವನು ನಿಜವಾದೋನು ಅಂತ ಗೊತ್ತಾಗುತ್ತೆ ಅಂದ, ನೊಗ ಮುರಿದ ಮೇಲೆ ಸುಮ್ಮನೆ ಹೊರಟು ಹೋದ. ಹನನ್ಯ ಹೇಳಿದ್ದು ಸುಳ್ಳು ಅನ್ನೋ ದೇವರ ಉತ್ತರ ಯೆರೆಮೀಯನಿಗೆ ಬಂದಿದ್ದು ಆಮೇಲೆ. ಸೆರೆ ಮುಗಿಯೋಕೆ 70 ವರ್ಷ ಅಂತ ಅವನು ಬರೆದ ಪತ್ರ ಮುಂದಿನ ಅಧ್ಯಾಯದಲ್ಲೇ ಇದೆ, ಕೇಳೋಕೆ ಕಹಿ. ಯೆರೆಮೀಯನಂಥ ಪ್ರವಾದಿಯೇ ಕಾದಿದಾನೆ, ಇವರಿಗೆ ರಾತ್ರಿ ಹನ್ನೆರಡರ ಅವಸರ ಯಾಕೆ?

ಗುಟ್ಟಾಗಿಡಿ ಅನ್ನೋದೂ ಅಷ್ಟೇ. ಬೈಬಲ್‌ನಲ್ಲಿ ಬಾಲಕ ಸಮುವೇಲ ರಾತ್ರಿ ದೇವರ ದನಿ ಕೇಳಿದಾಗೆಲ್ಲ ಎದ್ದು ಓಡಿದ್ದು ಮುದಿ ಯಾಜಕ ಏಲಿಯ ಹತ್ರ, ಅದು ಯಾರ ದನಿ ಅಂತ ತಿಳಿಸಿಕೊಟ್ಟಿದ್ದು ಆ ಮುದುಕನೇ, ಆ ಮಾತು ತನ್ನ ಮನೆತನಕ್ಕೇ ವಿರುದ್ಧವಾಗಿ ಬಂದಾಗ ಯೆಹೋವನ ಚಿತ್ತ ಅಂತ ತಲೆಬಾಗಿದ. ನಮ್ಮಲ್ಲೂ ಅಂಥ ಹಿರಿಯರು ಪ್ರತಿ ಸಭೆಯಲ್ಲೂ ಇದಾರೆ, ನಾವು ಹೋಗಿ ಕೇಳಲ್ಲ. ದುಡ್ಡಿನ ವಿಷಯಕ್ಕೆ ಬಂದ್ರೆ, ಕುಷ್ಠ ವಾಸಿಯಾದ ಸೇನಾಪತಿ ನಾಮಾನ ಎಷ್ಟು ಒತ್ತಾಯ ಮಾಡಿದ್ರೂ ವಾಸಿಯಾಗೋ ದಾರಿ ಹೇಳಿದ ಪ್ರವಾದಿ ಎಲೀಷ ಏನೂ ಮುಟ್ಟಲಿಲ್ಲ, ಹಿಂದಿಂದ ಓಡಿ ಹೋಗಿ ಬೆಳ್ಳಿ ಈಸ್ಕೊಂಡಿದ್ದು ಅವನ ಸೇವಕ ಗೇಹಜಿ.

ಪಾಸ್ಟರ್‌ಗಳು, ಫಾದರ್‌ಗಳು ಇದನ್ನ ಬೇರೆ ಸಭೆಯವರ ಸಮಸ್ಯೆ ಅಂತ ಬಿಡಬೇಡಿ ಅಂತ ಕೈಮುಗಿದು ಕೇಳ್ತೀನಿ. ಒಂದು ಭಾನುವಾರ ಪ್ರಸಂಗದಲ್ಲಿ ಹನನ್ಯನ ಬಗ್ಗೆ ಮಾತಾಡಿ, ಮಾತ್ರೆ ಬಿಡಿ ಅಂತ ಹೇಳೋರ ಮಾತು ಕೇಳಬೇಡಿ ಅಂತ ಪೀಠದಿಂದಲೇ ಬಾಯಿಬಿಟ್ಟು ಹೇಳಿ. ಯೌವನಸ್ಥರ ಕೂಟದ ಹುಡುಗರು ವಯಸ್ಸಾದೋರ ಮನೆಗೆ ಹೋಗಿ, ಜೊತೆಗೆ ಕೂತು ಅವರ ಫೋನಲ್ಲಿ ಬಂದಿರೋದನ್ನ ಕೇಳಿಸಿಕೊಳ್ಳಲಿ. ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆ ದೂರಿಗೆ ಇರೋ ನಂಬರು ಅದು.

ಇಂತಿ,
ಒಬ್ಬ ಓದುಗ, ಶಿವಮೊಗ್ಗ