ಶೇಂಗಾ ಸೀಮೆಯಲ್ಲಿ ಶೇಂಗಾ ಇಲ್ಲದ ಬೆಣ್ಣೆ: ಗೆಳೆಯನಿಗೊಂದು ಪತ್ರ

ಚಿತ್ರದುರ್ಗ

ಪ್ರೀತಿಯ ತಿಪ್ಪೇಶ,

ಪುಟ್ಟಿಗೆ ಅಲರ್ಜಿ ಇದೆ, ಶೇಂಗಾ, ಗೋಡಂಬಿ, ಬಾದಾಮಿ ಎಲ್ಲ ಬಂದ್ ಅಂತ ಡಾಕ್ಟರು ಬರೆದುಕೊಟ್ಟ ಮೇಲೆ, ಸ್ಕೂಲ್ ಡಬ್ಬಿಯ ಚಪಾತಿಗೆ ಏನು ಸವರಿ ಕಳಿಸೋದು ಅಂತ ಕೇಳಿದ್ದೆಯಲ್ಲ. ಬೀಜದ ಬೆಣ್ಣೆ ಮಾಡು. ಸೂರ್ಯಕಾಂತಿ, ಕುಂಬಳ, ಕರಬೂಜ ಬೀಜಗಳನ್ನು ಹುರಿದು ಮಿಕ್ಸಿಯಲ್ಲಿ ತಿರುವುತ್ತಾ ಹೋದರೆ ಅವುಗಳ ಎಣ್ಣೆಯೇ ಬಿಟ್ಟುಕೊಂಡು ಸವರೋ ಹದಕ್ಕೆ ಬರುತ್ತೆ. ಮುಕ್ಕಾಲು ಗಂಟೆ ಕೆಲಸ. ಕಷ್ಟ ಇರೋದು ಎರಡೇ ಕಡೆ: ಅದರೊಳಗೆ ಶೇಂಗಾ ಹೋಗಬಾರದು, ನೀರು ಹೋಗಬಾರದು. ಶೇಂಗಾ ಹೋದರೆ ಮಗುವಿಗೆ ಅಪಾಯ, ನೀರು ಹೋದರೆ ಬೆಣ್ಣೆ ಕೆಟ್ಟಿತು.

ಮೊದಲು ಡಾಕ್ಟರ ಹತ್ತಿರ ಇನ್ನೊಂದು ಮಾತು ಕೇಳಿಕೋ. ಬೀಜಗಳೂ ಕೆಲವರಿಗೆ ಆಗಿಬರಲ್ಲ, ಅದರಲ್ಲೂ ಎಳ್ಳು. ಅಮೆರಿಕದಲ್ಲಿ 2023ರ ಜನವರಿ 1ರಿಂದ ಪೊಟ್ಟಣದ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ ಪ್ರಮುಖ ಅಲರ್ಜಿ ಪದಾರ್ಥಗಳ ಸಾಲಿಗೆ ಎಳ್ಳನ್ನೂ ಸೇರಿಸಿದ್ದಾರೆ. ಅದಕ್ಕೇ ಕೆಳಗೆ ಬರೆದಿರೋ ಯಾವ ಅಳತೆಯಲ್ಲೂ ಎಳ್ಳು ಹಾಕಿಲ್ಲ. ಯಾವ್ಯಾವ ಬೀಜ ಕೊಡಬಹುದು, ಮೊದಲ ಸಲ ಎಷ್ಟು ಕೊಡಬೇಕು ಅನ್ನೋದನ್ನ ಅವರ ಬಾಯಿಂದಲೇ ಕೇಳು.

ಈಗ ಶೇಂಗಾ ವಿಚಾರ. ನಮ್ಮ ಚಿತ್ರದುರ್ಗ, ನಿಮ್ಮ ದಾವಣಗೆರೆ, ಎರಡೂ ಜಿಲ್ಲೆಗಳಲ್ಲಿ ಶೇಂಗಾ ಮುಟ್ಟದ ಪಾತ್ರೆ ಹುಡುಕೋದೇ ಕಷ್ಟ. ಚಟ್ನಿಪುಡಿ, ಎಣ್ಣೆಗಾಯಿ, ಒಗ್ಗರಣೆ ಮಂಡಕ್ಕಿ, ಎಲ್ಲದಕ್ಕೂ ಅದೇ. ನಿಮ್ಮನೆ ಮಿಕ್ಸಿ ಜಾರಲ್ಲಿ ಶೇಂಗಾ ಚಟ್ನಿಪುಡಿ ಆಗಿದ್ದರೆ ಅದನ್ನ ಎಷ್ಟು ತೊಳೆದರೂ ನಂಬಬೇಡ. ಬ್ಲೇಡಿನ ಬುಡದ ಸಂದಿಯಲ್ಲಿ, ಮುಚ್ಚಳದ ರಬ್ಬರಿನ ಒಳಗೆ ಪುಡಿ ಕೂತಿರುತ್ತೆ. ಒಂದು ಸೂಜಿ ತಗೊಂಡು ಆ ರಬ್ಬರನ್ನ ಎಬ್ಬಿಸಿ ನೋಡು, ನಿನಗೇ ಗೊತ್ತಾಗುತ್ತೆ. ಅದೇ ಮಿಕ್ಸಿಗೆ ಕೂರುವ ಹೊಸ ಜಾರು ಒಂದು ತಗೋ, ಮುಚ್ಚಳದ ಮೇಲೆ ಬಣ್ಣದ ಟೇಪು ಸುತ್ತಿ ಬೇರೆ ಇಡು. ಕಬ್ಬಿಣದ ಬಾಣಲೆಯೂ ಹಾಗೇ. ವರ್ಷಗಟ್ಟಲೆ ಶೇಂಗಾ ಹುರಿದ ಬಾಣಲೆಗೆ ಆ ಎಣ್ಣೆ ಹಿಡಿದುಕೊಂಡಿರುತ್ತೆ. ದಪ್ಪ ತಳದ ಸ್ಟೀಲ್ ಪಾತ್ರೆ, ಒಂದು ಮರದ ಸೌಟು, ಒಂದು ತಟ್ಟೆ, ಇಷ್ಟು ಪುಟ್ಟಿಯ ಹೆಸರಿಗೇ ಇರಲಿ.

ಬೀಜ ಕೊಳ್ಳೋವಾಗ ಚೌಕಿಪೇಟೆಯಲ್ಲಿ ಬಾಯಿ ತೆರೆದಿಟ್ಟ ಚೀಲದಿಂದ ತೂಗಿಸಿಕೊಳ್ಳಬೇಡ. ಪಕ್ಕದ ಚೀಲದ್ದು ಶೇಂಗಾ, ಎರಡಕ್ಕೂ ಒಂದೇ ಮೊಗೆ. ಸೀಲ್ ಆದ ಪ್ಯಾಕೆಟ್ ತಗೊಂಡು ಹಿಂದಿನ ಅಲರ್ಜಿ ಸೂಚನೆ ಓದು. ಅಂಗಡಿಯವರೇ ಕಟ್ಟಿದ ಪ್ಲಾಸ್ಟಿಕ್ ಪೊಟ್ಟಣ ಸೀಲ್ ಪ್ಯಾಕೆಟ್ ಅಲ್ಲ. ಹುರಿಸೋಕೆ ಮಂಡಕ್ಕಿ ಭಟ್ಟಿಗೆ ಕೊಡೋ ಯೋಚನೆಯೂ ಬೇಡ, ಅದೇ ಮರಳಲ್ಲಿ ಶೇಂಗಾ ಹುರಿದಿರ್ತಾರೆ. ಎಣ್ಣೆ ಬೇಕಾದರೆ ಸೀಲ್ ಆದ ರಿಫೈಂಡ್ ಸೂರ್ಯಕಾಂತಿ ಎಣ್ಣೆ. ಗಾಣದ ಎಣ್ಣೆ ಒಳ್ಳೇದು ಅಂತ ನೀನು ವಾದ ಮಾಡ್ತೀಯ, ಗೊತ್ತು. ಆದರೆ ಚಳ್ಳಕೆರೆ ಕಡೆಯ ಗಾಣಗಳಲ್ಲಿ ಮುಕ್ಕಾಲು ಪಾಲು ತಿರುಗೋದು ಶೇಂಗಾನೇ, ಅದೇ ಗಾಣದಲ್ಲಿ ಸೂರ್ಯಕಾಂತಿ ಹಾಕಿದರೂ ಶೇಂಗಾ ಹಿಂಡಿಯ ಅಂಶ ಬಂದೇ ಬರುತ್ತೆ. ಅಲರ್ಜಿ ಎಬ್ಬಿಸೋದು ಶೇಂಗಾದ ಪ್ರೋಟೀನು. ರಿಫೈನ್ ಮಾಡಿದಾಗ ಅದು ಹೆಚ್ಚುಕಡಿಮೆ ಹೋಗಿಬಿಡುತ್ತೆ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತೆ.

ನಿಮ್ಮ ಹೊಲದ ಸೂರ್ಯಕಾಂತಿ ಯಾಕಾಗಬಾರದು ಅಂತ ಕೇಳಿದ್ದೆ. ಅದು ಎಣ್ಣೆ ತಳಿ. ಕಪ್ಪು ಸಿಪ್ಪೆ ತೆಳುವಾಗಿ ತಿರುಳಿಗೆ ಅಂಟಿಕೊಂಡಿರುತ್ತೆ, ಮನೆಯಲ್ಲಿ ಬಿಡಿಸೋಕೆ ಕೂತರೆ ಸಂಜೆವರೆಗೂ ಒಂದು ಹಿಡಿ ಆಗಲ್ಲ, ಸಿಪ್ಪೆ ಸಮೇತ ಅರೆದರೆ ಬಾಯಲ್ಲಿ ಹೊಟ್ಟು. ಇನ್ನು ಬಿತ್ತನೆಗೆ ತಂದು ಮಿಕ್ಕಿದ ಬೀಜವನ್ನಂತೂ ಅಡುಗೆಮನೆಯೊಳಗೇ ತರಬೇಡ. ಅದರ ಮೇಲಿನ ಗುಲಾಬಿ, ನೀಲಿ ಬಣ್ಣ ಔಷಧಿ ಲೇಪ ಮಾಡಿದ್ದರ ಗುರುತು. ತೊಳೆದರೆ ಹೋಗಲ್ಲ, ಹುರಿದರೂ ಹೋಗಲ್ಲ. ತಿನ್ನೋಕೆ ಅಂತ ಸಿಪ್ಪೆ ತೆಗೆದು ಮಾರೋ ಬೂದು-ಬಿಳಿ ತಿರುಳೇ ಬೇಕು.

ಅಳತೆಗೆ ಬರ್ತೀನಿ. ಒಂದು ಲೀಟರಿನ ಜಾರಿಗೆ 300 ಗ್ರಾಂ ಬೀಜ ಸರಿ. ಕಡಿಮೆ ಹಾಕಿದರೆ ಬ್ಲೇಡಿಗೆ ಸಿಗದೆ ಗೋಡೆಗೆ ಮೆತ್ತಿಕೊಳ್ಳುತ್ತೆ, ಜಾಸ್ತಿ ಹಾಕಿದರೆ ಮೇಲಿನದು ಕೆಳಗಿಳಿಯೋದೇ ಇಲ್ಲ. ಚಟ್ನಿ ಜಾರಾದರೆ 150 ಗ್ರಾಂ ಸಾಕು. ನನ್ನ ಮಾತು ಕೇಳೋದಾದರೆ 200 ಗ್ರಾಂ ಸೂರ್ಯಕಾಂತಿ, 100 ಗ್ರಾಂ ಕರಬೂಜ ಬೀಜ. ಬರೀ ಸೂರ್ಯಕಾಂತಿಯದ್ದು ಕೊನೆಗೆ ಸ್ವಲ್ಪ ಒಗರು. ಕರಬೂಜ ಬೀಜ ಆ ಒಗರನ್ನ ಇಳಿಸುತ್ತೆ, ಬಣ್ಣವೂ ತಿಳಿಯಾಗುತ್ತೆ. ಕುಂಬಳ ಬೀಜದ್ದು ಹಸಿರು ಬಣ್ಣ, ಖಾರದ ಬೆಣ್ಣೆಗೆ ಚೆನ್ನ, ಸಿಹಿಗೆ ಅಷ್ಟಕ್ಕಷ್ಟೆ. ಅಗಸೆ, ಹುಚ್ಚೆಳ್ಳು (ಎಳ್ಳಲ್ಲ, ಗುರೆಳ್ಳು) ಹಾಕೋ ಆಸೆಯಿದ್ದರೆ 300 ಗ್ರಾಮಿಗೆ 30 ಗ್ರಾಂ ದಾಟಿಸಬೇಡ. ಅಗಸೆ ಲೋಳೆ ಬೀಜ, ಸ್ವಲ್ಪ ತೇವ ಸಿಕ್ಕರೂ ಹೀರಿಕೊಂಡು ಬಿಗಿಯುತ್ತೆ. ಹುಚ್ಚೆಳ್ಳಿನ ಸಿಪ್ಪೆ ಎಷ್ಟು ಅರೆದರೂ ನಾಲಿಗೆಗೆ ತರಿತರಿ.

ಹುರಿಯೋದು ಒಂದೊಂದನ್ನೇ ಬೇರೆಬೇರೆ, ಗಾತ್ರ ಬೇರೆ, ಹದವೂ ಬೇರೆ. ಸೂರ್ಯಕಾಂತಿಗೆ ಸಣ್ಣ ಉರಿಗಿಂತ ಒಂಚೂರು ಜಾಸ್ತಿ ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ, ಕೈ ಬಿಡದೆ ಆಡಿಸ್ತಾ ಇರು. ತುದಿಗಳು ತಿಳಿಗಂದು ಬಣ್ಣಕ್ಕೆ ತಿರುಗಿ ಘಮ ಬಂದಾಗ ಒಂದು ಬೀಜ ತಣಿಸಿ ಕಚ್ಚಿ ನೋಡು: ಜಗಿಯೋ ಹಾಗಿದ್ದರೆ ಇನ್ನೂ ಬೇಕು, ಕಟ್ ಅಂದರೆ ಆಯ್ತು. ತಕ್ಷಣ ತಟ್ಟೆಗೆ ಸುರಿದು ಹರವು. ಪಾತ್ರೆಯಲ್ಲೇ ಬಿಟ್ಟರೆ ಆ ಬಿಸಿಗೇ ಇನ್ನೊಂದು ಸುತ್ತು ಕಂದಿ ಕಹಿಯಾಗುತ್ತೆ, ಆ ಕಹಿಯನ್ನ ಯಾವ ಬೆಲ್ಲವೂ ಮುಚ್ಚಲ್ಲ. ಕರಬೂಜ ಬೀಜ ನಾಲ್ಕೈದು ನಿಮಿಷಕ್ಕೇ ಆಗುತ್ತೆ, ಸೀಯೋದೂ ಬೇಗ. ಕುಂಬಳ ಬೀಜ ಉಬ್ಬಿ ಸಿಡಿಯೋಕೆ ಶುರುವಾದ ಮೇಲೆ ಒಂದು ನಿಮಿಷ ಸಾಕು. ಹುರಿಯೋದು ರುಚಿಗೆ ಮಾತ್ರ ಅಲ್ಲ, ಬೀಜದೊಳಗಿನ ತೇವ ಹೋಗಬೇಕು. ಹಸಿಬಿಸಿ ಹುರಿದ ಬೀಜ ಮಿಕ್ಸಿಯಲ್ಲಿ ಎಷ್ಟು ಹೊತ್ತು ತಿರುಗಿದರೂ ಪುಡಿಯಾಗೇ ಇರುತ್ತೆ, ಎಣ್ಣೆ ಬಿಡಲ್ಲ.

ಉಗುರುಬೆಚ್ಚಗಾದ ಮೇಲೆ ಅರೆ. ಪೂರ್ತಿ ಆರಿದರೆ ಎಣ್ಣೆ ಬಿಡೋದು ನಿಧಾನ, ಸುಡೋದನ್ನ ಹಾಕಿದರೆ ಹಬೆ ಮುಚ್ಚಳಕ್ಕೆ ಬಡಿದು ಹನಿಯಾಗಿ ಕೆಳಗೆ ಬೀಳುತ್ತೆ. ಆ ನಾಲ್ಕು ಹನಿ ಸಾಕು ಎಲ್ಲ ಕೆಡಿಸೋಕೆ. ಜಾರನ್ನೂ ಹಿಂದಿನ ದಿನವೇ ತೊಳೆದು ಬಿಸಿಲಿಗೆ ಬೋರಲು ಹಾಕು, ಬ್ಲೇಡಿನ ಕೆಳಗೆ ನೀರು ನಿಲ್ಲುತ್ತೆ.

ಮೂವತ್ತು ಸೆಕೆಂಡು ಓಡಿಸು, ನಿಲ್ಲಿಸು, ಗೋಡೆಗೆ ಅಂಟಿದ್ದನ್ನ ಕೆಳಗೆ ತಳ್ಳು, ಮತ್ತೆ ಓಡಿಸು. ಮೊದಲು ರವೆ, ಆಮೇಲೆ ಒದ್ದೆ ಮರಳಿನ ಹಾಗೆ ಗೋಡೆಗೆ ಮೆತ್ತೋದು, ಆಮೇಲೆ ಇಡೀ ರಾಶಿ ಗಟ್ಟಿ ಉಂಡೆಯಾಗಿ ಬ್ಲೇಡಿನ ಮೇಲೆ ಕುಣಿಯೋದು. ಇಲ್ಲೇ ಎಲ್ಲರೂ ಕೈಚೆಲ್ಲಿ ಎಣ್ಣೆ ಸುರಿಯೋದು ಅಥವಾ ನೀರು ಚಿಮುಕಿಸೋದು. ಸುಮ್ಮನೆ ಇರು. ಇನ್ನೂ ಎರಡು ಮೂರು ನಿಮಿಷದಲ್ಲಿ ಉಂಡೆ ತಾನೇ ಸಡಿಲ ಬಿಟ್ಟು ಹೊಳಪು ಬಂದು ಮಡಚಿಕೊಂಡು ತಿರುಗೋಕೆ ಶುರು ಮಾಡುತ್ತೆ. ಬಿಡುವೂ ಸೇರಿ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತೆ. 500 ವಾಟಿನ ಮಿಕ್ಸಿಯಾದರೆ ಇನ್ನೂ ಜಾಸ್ತಿ ಬಿಡುವು ಕೊಡು. ಜಾರಿನ ತಳ ಮುಟ್ಟೋಕಾಗದಷ್ಟು ಬಿಸಿಯಾದರೆ ಹತ್ತು ನಿಮಿಷ ಮುಚ್ಚಳ ತೆಗೆದಿಡು. ಮಿಕ್ಸಿ ಥಟ್ ಅಂತ ನಿಂತುಬಿಟ್ಟರೆ ಸುಟ್ಟಿತು ಅಂತ ಗಾಬರಿಯಾಗಬೇಡ, ಓವರ್‌ಲೋಡ್ ಸ್ವಿಚ್ಚು ಬಿದ್ದಿರುತ್ತೆ. ಆರಿದ ಮೇಲೆ ಅಡಿಯ ಕೆಂಪು ಗುಂಡಿ ಒತ್ತು. ಇಷ್ಟೆಲ್ಲ ಆದಮೇಲೂ ಬಿಗಿಯಾಗೇ ಇದ್ದರೆ ಮಾತ್ರ ಒಂದು ಚಮಚ ಎಣ್ಣೆ, ಹೆಚ್ಚೆಂದರೆ ಎರಡು.

ನೀನು ದಾವಣಗೆರೆಯವನು, ಎಣ್ಣೆ ಯಾಕೆ, ಒಂದು ಉಂಡೆ ಬೆಣ್ಣೆ ಹಾಕೋಣ ಅಂತೀಯ. ದೋಸೆಗೆ ಹಾಕ್ಕೋ, ಇದಕ್ಕೆ ಬೇಡ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು ಹದಿನಾರು ಪಾಲು ನೀರೇ, ಮನೆಯಲ್ಲಿ ಕಡೆದದ್ದಾದರೆ ಇನ್ನೂ ಜಾಸ್ತಿ. ತುಪ್ಪ ಆಗಬಹುದು, ಅದರಲ್ಲಿ ನೀರು ಉಳಿದಿರಲ್ಲ. ನೀರು ಬಿದ್ದರೆ ಯಾಕೆ ಕೆಡುತ್ತೆ ಅಂದರೆ, ಎಣ್ಣೆಯಲ್ಲಿ ತೇಲ್ತಾ ಇರೋ ನುಣ್ಣನೆ ಪುಡಿ ನೀರನ್ನ ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತೆ, ಎಣ್ಣೆ ಆಚೆ ಬರುತ್ತೆ. ಜೇನು, ಬೆಲ್ಲದ ಪಾಕ, ಹಸಿ ಬೆಳ್ಳುಳ್ಳಿ, ಹುಣಸೆರಸ ಎಲ್ಲದರದ್ದೂ ಇದೇ ಕಥೆ. ಹಾಗೆ ಬಿಗಿದುಕೊಂಡರೆ ಎಸೀಬೇಡ. ಬಿಸಿನೀರು ಸ್ವಲ್ಪಸ್ವಲ್ಪ ಹಾಕಿ ಕಲಸು. ಮೊದಲು ಇನ್ನೂ ಬಿಗಿಯುತ್ತೆ, ಆಮೇಲೆ ನುಣ್ಣನೆ ಗೊಜ್ಜಾಗುತ್ತೆ. ಬದನೆಕಾಯಿ ಎಣ್ಣೆಗಾಯಿ ಮಸಾಲೆಗೆ ಶೇಂಗಾ ಬದಲು ಅದನ್ನೇ ಹಾಕು, ಪುಟ್ಟಿಗೂ ಎಣ್ಣೆಗಾಯಿ ಸಿಕ್ಕಂಗಾಯ್ತು. ನೀರು ಬಿದ್ದದ್ದು ಅವತ್ತೇ ಖಾಲಿಯಾಗಬೇಕು ಅಷ್ಟೆ.

ರುಚಿ ಕೂಡಿಸೋದು ಬೆಣ್ಣೆ ಹದಕ್ಕೆ ಬಂದ ಮೇಲೆ, ಎಲ್ಲ ಒಣಪುಡಿಯಾಗಿ. ಸಕ್ಕರೆ, ಉಪ್ಪು ಎಣ್ಣೆಯಲ್ಲಿ ಕರಗಲ್ಲ, ಹಾಗಾಗಿ ಅವು ಎಷ್ಟು ನುಣ್ಣಗಿದ್ದರೆ ಬೆಣ್ಣೆಯೂ ಅಷ್ಟೇ ನುಣ್ಣಗೆ. ಉಪ್ಪನ್ನ ಬೆಚ್ಚಗೆ ಮಾಡಿ ಪುಡಿ ಮಾಡ್ಕೋ.

ಮೇಲೆ ಹೇಳಿದ 300 ಗ್ರಾಮಿಗೆ, ಪುಟ್ಟಿಗೆ ಮೊದಲು ಕೊಡಬೇಕಾದ್ದು ಏಲಕ್ಕಿಯದ್ದು: 45 ಗ್ರಾಂ ಕಲ್ಲುಸಕ್ಕರೆ ಪುಡಿ, ಆರು ಏಲಕ್ಕಿಯ ಕಾಳು ಕುಟ್ಟಿದ್ದು, ಕಾಲು ಚಮಚ ಉಪ್ಪು. ಬೆಲ್ಲವೇ ಬೇಕು ಅಂದರೆ ಉದುರುದುರಾದ ಬೆಲ್ಲದ ಪುಡಿ 50 ಗ್ರಾಂ. ಅಚ್ಚುಬೆಲ್ಲ ತುರಿದದ್ದರಲ್ಲಿ ತೇವ ಇರುತ್ತೆ, ಮಳೆಗಾಲದಲ್ಲಂತೂ ಕೇಳಬೇಡ. ಬೆಲ್ಲ ಹಾಕಿದ ಮೇಲೆ ಎರಡು ಮೂರು ಸಲ ಗಿರ್ ಅನ್ನಿಸಿ ನಿಲ್ಲಿಸು. ಜಾಸ್ತಿ ಹೊತ್ತು ಓಡಿಸಿದರೆ ಬಿಸಿಗೆ ಇಳಿದು ಉಂಡೆ ಕಟ್ಟುತ್ತೆ. ಕೋಕೋದ್ದಾದರೆ 20 ಗ್ರಾಂ ಸಿಹಿಯಿಲ್ಲದ ಕೋಕೋ ಪುಡಿ, 60 ಗ್ರಾಂ ಸಕ್ಕರೆ ಪುಡಿ, ಚಿಟಿಕೆ ಉಪ್ಪು. ಕೋಕೋ ಎಣ್ಣೆ ಕುಡಿಯುತ್ತೆ, ಇದಕ್ಕೆ ಎರಡು ಚಮಚ ಎಣ್ಣೆ ಬೇಕೇ ಬೇಕು. ಕೋಕೋ ಪ್ಯಾಕೆಟ್ಟಿನ ಅಲರ್ಜಿ ಸೂಚನೆಯನ್ನ ಎರಡು ಸಲ ಓದು, ಬಾದಾಮಿ-ಗೋಡಂಬಿ ಓಡೋ ಕಡೆಯಲ್ಲೇ ಎಷ್ಟೋ ಸಲ ಇದೂ ತಯಾರಾಗುತ್ತೆ.

ನಿನಗೂ ನಿಮ್ಮನೆಯವರಿಗೂ ಹಿಡಿಸೋದು ಖಾರದ್ದು, ರೊಟ್ಟಿಗೆ ಶೇಂಗಾ ಚಟ್ನಿಪುಡಿಯ ಕೊರತೆ ನೀಗಿಸುತ್ತೆ. 200 ಗ್ರಾಂ ಸೂರ್ಯಕಾಂತಿ, 100 ಗ್ರಾಂ ಕುಂಬಳ ಬೀಜ. ಆರು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಒಂದು ಹಿಡಿ ಕರಿಬೇವು, ಇವನ್ನ ಗರಿಗರಿಯಾಗಿ ಹುರಿದು ಬೇರೆ ಪುಡಿ ಮಾಡಿ ಜರಡಿ ಹಿಡಿ. ಅದರ ಜೊತೆ ಒಂದು ಚಮಚ ಆಮ್‌ಚೂರ್, ಒಂದು ಚಮಚ ಉಪ್ಪು, ಅರ್ಧ ಚಮಚ ಒಣ ಬೆಳ್ಳುಳ್ಳಿ ಪುಡಿ. ಹಸಿ ಬೆಳ್ಳುಳ್ಳಿ ಬಿಗಿಸುತ್ತೆ ಅನ್ನೋದು ಒಂದು ಕಡೆ ಇರಲಿ, ಎಣ್ಣೆಯೊಳಗೆ ಮುಳುಗಿ ಗಾಳಿಯಾಡದ ಹಸಿ ಬೆಳ್ಳುಳ್ಳಿಯಲ್ಲಿ ಬಾಟುಲಿಸಂ ಅನ್ನೋ ಪ್ರಾಣಕ್ಕೇ ಕುತ್ತು ತರೋ ಕಾಯಿಲೆಯ ವಿಷ ಹುಟ್ಟಬಹುದು, ವಾಸನೆ ಬಣ್ಣ ಏನೂ ಬದಲಾಗಲ್ಲ. ಹೊರಗಿಟ್ಟ ಬಾಟಲಿಗೆ ಅದು ಬೇಡವೇ ಬೇಡ. ಜೀರಿಗೆಯನ್ನೂ ಇಡಿಯಾಗೇ ಕೊಂಡು ಮನೆಯಲ್ಲಿ ಪುಡಿ ಮಾಡು. 2014-15ರಲ್ಲಿ ಅಮೆರಿಕದಲ್ಲಿ ಜೀರಿಗೆ ಪುಡಿಯೊಳಗೆ ಶೇಂಗಾ ಅಂಶ ಸಿಕ್ಕಿ ರಾಶಿಗಟ್ಟಲೆ ಸರಕು ವಾಪಸ್ ತರಿಸಿಕೊಂಡಿದ್ದರು. ಗಿರಣಿಯ ಖಾರದಪುಡಿಗೂ ಇದೇ ಅನುಮಾನ ಇಟ್ಟುಕೋ.

ಒಂದು ತಮಾಷೆ ಇದೆ, ಗೊತ್ತಿಲ್ಲದಿದ್ದರೆ ಹೆದರ್ತೀರ. ಸೂರ್ಯಕಾಂತಿ ಬೆಣ್ಣೆಯನ್ನ ಸೋಡಾ ಹಾಕಿದ ಪಡ್ಡು ಹಿಟ್ಟಿಗೋ ಕೇಕಿಗೋ ಕಲಸಿದರೆ ಬೆಂದು ಆರಿದ ಮೇಲೆ ಒಳಗೆ ಹಸಿರುಗಟ್ಟುತ್ತೆ. ಬೂಷ್ಟು ಅಲ್ಲ ಅದು. ಬೀಜದಲ್ಲಿರೋ ಕ್ಲೋರೋಜೆನಿಕ್ ಆಮ್ಲ ಸೋಡಾದ ಕ್ಷಾರಕ್ಕೆ ಸಿಕ್ಕಾಗ ಆ ಬಣ್ಣ. ತಿಂದರೆ ಏನೂ ಆಗಲ್ಲ. ಬೇಡ ಅಂದರೆ ಸೋಡಾ ಕಡಿಮೆ ಮಾಡಿ ಒಂದು ಚಮಚ ನಿಂಬೆರಸ ಹಿಂಡು.

ಒಣಗಿದ ಗಾಜಿನ ಬಾಟಲಿಗೆ ತುಂಬಿ ತಣ್ಣಗಾದ ಮೇಲೆ ಮುಚ್ಚು. ಹೊರಗಾದರೆ ಎರಡು ವಾರ, ಫ್ರಿಜ್ಜಲ್ಲಿ ಎರಡು ತಿಂಗಳು. ಏಪ್ರಿಲ್ ಬಿಸಿಲಲ್ಲಿ ಹೊರಗಿಡೋ ಮಾತೇ ಬೇಡ, ಸೂರ್ಯಕಾಂತಿ ಎಣ್ಣೆಗೆ ಕಮಟು ಬೇಗ ಹಿಡಿಯುತ್ತೆ. ಹಳೇ ಹಪ್ಪಳದ ವಾಸನೆ ಬಂದರೆ ಬಿಸಾಕು. ಮೇಲೆ ಎಣ್ಣೆ ನಿಂತರೆ ಕೆಟ್ಟಿಲ್ಲ, ಒಣ ಚಮಚದಲ್ಲಿ ಕಲಸು, ಅಥವಾ ಹಿಂದಿನ ರಾತ್ರಿ ಬಾಟಲಿ ಬೋರಲು ಇಡು. ಆ ಚಮಚ ಬೇರೆ ಡಬ್ಬಿಗೆ ಹೋಗಿ ಬಂದಿರಬಾರದು.

ಸ್ಕೂಲಿಗೆ ಕಳಿಸೋವಾಗ ಚಪಾತಿಗೆ ತೆಳ್ಳಗೆ ಸವರು; ಸಣ್ಣ ಮಕ್ಕಳು ಚಮಚಗಟ್ಟಲೆ ಬಾಯಿಗಿಟ್ಟುಕೊಂಡರೆ ಗಂಟಲಿಗೆ ಅಂಟುತ್ತೆ. ನೋಡೋಕೆ ಶೇಂಗಾ ಬೆಣ್ಣೆ ಥರಾನೇ ಇರೋದರಿಂದ ಡಬ್ಬಿಯ ಮೇಲೆ ಚೀಟಿ ಅಂಟಿಸಿ ಟೀಚರಿಗೂ ಒಂದು ಮಾತು ಹೇಳು. ಇಲ್ಲವಾದರೆ ಇನ್ಯಾರೋ ಇದೇ ಬಣ್ಣದ್ದು ಕೊಟ್ಟಾಗ ಪುಟ್ಟಿ ತನ್ನದೇ ಅಂದುಕೊಂಡು ತಿಂದುಬಿಟ್ಟಾಳು.

ಹೊಸ ಜಾರು ತಂದ ಮೇಲೆ ಮೊದಲ ಸಲ ಅರ್ಧ ಅಳತೆಯಲ್ಲಿ, ಚಟ್ನಿ ಜಾರಲ್ಲೇ ಮಾಡಿ ನೋಡು. ನಿಮ್ಮ ಮಿಕ್ಸಿ ಎಷ್ಟು ವಾಟಿನದ್ದು ಅಂತ ಬರಿ, ಬಿಡುವಿನ ಲೆಕ್ಕ ಇನ್ನೂ ಸರಿಯಾಗಿ ಹೇಳ್ತೀನಿ.

ನಿನ್ನ,
ಕೋಟೆ ಊರಿನ ಗೆಳೆಯ