ಜ್ವರ ಬಿಟ್ಟಿತೆಂದು ಮಾತ್ರೆ ಬಿಡುವುದು

ಸಂಪಾದಕರಿಗೆ,

ಮಾನ್ಯರೇ,

ಮಲೇರಿಯಾ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಸೊಳ್ಳೆಯಿಂದ ಆರಂಭವಾಗಿ ಸೊಳ್ಳೆಯಲ್ಲೇ ಮುಗಿಯುತ್ತವೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ರಕ್ತದ ಸ್ಲೈಡುಗಳನ್ನು ಸೂಕ್ಷ್ಮದರ್ಶಕದಡಿ ನೋಡುತ್ತಲೇ ವೃತ್ತಿಜೀವನ ಕಳೆದ ನನ್ನನ್ನು ಸೊಳ್ಳೆಗಿಂತ ಹೆಚ್ಚು ಕಾಡಿದ್ದು, ಒಮ್ಮೆ ಪರೀಕ್ಷೆಗೆ ಬಂದು ಹೋದವರೇ ಎರಡು ಮೂರು ತಿಂಗಳ ಬಳಿಕ ಅದೇ ಚಳಿ, ಅದೇ ಜ್ವರ ಹೊತ್ತು ಮತ್ತೆ ಬಂದು ಬೆರಳು ಚಾಚುತ್ತಿದ್ದ ಸಂಗತಿ. ಮಾತ್ರೆ ಪೂರ್ತಿ ನುಂಗಿದಿರಾ ಎಂದು ಕೇಳಿದರೆ ಬರುತ್ತಿದ್ದ ಉತ್ತರ ಬಹುಮಟ್ಟಿಗೆ ಒಂದೇ: "ಮೂರನೆಯ ದಿನಕ್ಕೇ ಜ್ವರ ಬಿಟ್ಟಿತಲ್ಲ, ಇನ್ನೇಕೆ ಎಂದು ಮಾತ್ರೆಯನ್ನೂ ಬಿಟ್ಟೆ." ಜ್ವರ ಬಿಡುವುದಕ್ಕೂ ಮಲೇರಿಯಾ ಹೋಗುವುದಕ್ಕೂ ಇರುವ ಅಂತರವನ್ನು ವಿವರಿಸುವುದಷ್ಟೇ ಈ ಪತ್ರದ ಉದ್ದೇಶ.

ಸೊಳ್ಳೆ ಕಚ್ಚಿದಾಗ ಅದರ ಜೊಲ್ಲಿನೊಂದಿಗೆ ದೇಹ ಸೇರುವ ಪ್ಲಾಸ್ಮೋಡಿಯಂ ಎಂಬ ಪರಾವಲಂಬಿ ಜೀವಿ ನೇರವಾಗಿ ರಕ್ತಕಣಗಳಿಗೆ ನುಗ್ಗುವುದಿಲ್ಲ. ಮೊದಲು ಅದು ಯಕೃತ್ತನ್ನು ಸೇರಿ, ಅಲ್ಲಿ ಯಾವ ಸದ್ದುಗದ್ದಲವೂ ಇಲ್ಲದೆ ಸಾವಿರಾರು ಪಟ್ಟು ಹೆಚ್ಚುತ್ತದೆ. ಈ ಅವಧಿಯಲ್ಲಿ ಮನುಷ್ಯನಿಗೆ ಏನೂ ಅನಿಸುವುದಿಲ್ಲ, ರಕ್ತ ಪರೀಕ್ಷೆ ಮಾಡಿದರೂ ಏನೂ ಕಾಣುವುದಿಲ್ಲ. ಒಂದೆರಡು ವಾರಗಳ ಮೇಲೆ ಅವು ಯಕೃತ್ತಿನಿಂದ ಹೊರಬಿದ್ದು ಕೆಂಪು ರಕ್ತಕಣಗಳೊಳಗೆ ಸೇರಿ, ಅಲ್ಲಿಯೂ ಹೆಚ್ಚಿ, ಕಣಗಳನ್ನು ಒಡೆದುಕೊಂಡು ಬಂದು ಹೊಸ ಕಣಗಳನ್ನು ಹುಡುಕಿಕೊಂಡು ಹೋಗುತ್ತವೆ. ಕಣಗಳು ಹೀಗೆ ಒಟ್ಟಿಗೆ ಒಡೆಯುವ ಹೊತ್ತೇ ರೋಗಿಗೆ ಚಳಿ ಹಿಡಿಯುವ ಹೊತ್ತು.

ಚಳಿಜ್ವರದ ವರ್ಣನೆ ಎಲ್ಲರಿಗೂ ಗೊತ್ತಿರುವಂಥದ್ದೇ: ಮೊದಲು ಹಲ್ಲು ಕಟಕಟಿಸುವ ನಡುಕ, ಆಮೇಲೆ ಮೈ ಕಾದು ಸುಡುವ ತಾಪ, ಕೊನೆಗೆ ಹೊದಿಕೆಯೆಲ್ಲ ತೊಯ್ಯುವಷ್ಟು ಬೆವರು, ಬೆವರಿದ ಮೇಲೆ ನಿತ್ರಾಣ. ಪ್ಲಾಸ್ಮೋಡಿಯಂನ ಜಾತಿಗಳಲ್ಲೊಂದಾದ ವೈವಾಕ್ಸ್‌ನಿಂದ ಬರುವ ಮಲೇರಿಯಾದಲ್ಲಿ ಇದು 48 ಗಂಟೆಗೊಮ್ಮೆ ಮರಳುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಪುಸ್ತಕದ ಈ ಲೆಕ್ಕವನ್ನೇ ನಂಬಿ ಕುಳಿತು ಮೋಸಹೋದವರು ಅನೇಕರು. ಮೊದಲ ಕೆಲವು ದಿನ ಪರಾವಲಂಬಿಗಳ ಗುಂಪುಗಳು ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲವಾದ್ದರಿಂದ ಜ್ವರ ದಿನವೂ ಬರಬಹುದು, ಇಡೀ ದಿನ ಇರಬಹುದು, ಬರಿಯ ತಲೆನೋವು, ಮೈಕೈ ನೋವು, ವಾಕರಿಕೆಯಾಗಿಯೂ ತೋರಬಹುದು. ಮಕ್ಕಳಲ್ಲಂತೂ ವಾಂತಿ, ಭೇದಿ, ಕೆಮ್ಮುಗಳೇ ಮುಂದಾಗಿ ಬಂದು ಮಲೇರಿಯಾದ ಅನುಮಾನವೇ ಹುಟ್ಟದಂತೆ ಮಾಡುತ್ತವೆ. ಆದುದರಿಂದ "ದಿನ ಬಿಟ್ಟು ದಿನ ಬರುತ್ತಿಲ್ಲ, ಇದು ಮಲೇರಿಯಾ ಅಲ್ಲ" ಎಂಬ ತೀರ್ಮಾನಕ್ಕೆ ಯಾರೂ ಮನೆಯಲ್ಲೇ ಬರಬಾರದು. ಮಲೇರಿಯಾ ಇರುವ ಪ್ರದೇಶದಲ್ಲಿ ವಾಸಿಸುವವರಿಗೆ ಅಥವಾ ಇತ್ತೀಚೆಗೆ ಅಲ್ಲಿಗೆ ಹೋಗಿ ಬಂದವರಿಗೆ ಜ್ವರ ಬಂದರೆ, ಅದು ಯಾವ ಬಗೆಯದೇ ಆಗಿರಲಿ, ರಕ್ತ ಪರೀಕ್ಷೆಯೇ ಉತ್ತರ.

ಪರೀಕ್ಷೆಯ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳುತ್ತೇನೆ, ಇದು ನನ್ನ ಕಸುಬು. ಬೆರಳ ತುದಿಯಿಂದ ತೆಗೆದ ರಕ್ತವನ್ನು ಗಾಜಿನ ಮೇಲೆ ಎರಡು ರೀತಿ ಹರಡುತ್ತೇವೆ. ದಪ್ಪ ಲೇಪದಲ್ಲಿ ಹೆಚ್ಚು ರಕ್ತ ಇರುವುದರಿಂದ ಪರಾವಲಂಬಿ ಇದೆಯೇ ಇಲ್ಲವೇ ಎಂಬುದು ಬೇಗ ತಿಳಿಯುತ್ತದೆ. ತೆಳು ಲೇಪದಲ್ಲಿ ರಕ್ತಕಣಗಳ ಆಕಾರ ಕೆಡದೆ ಉಳಿಯುವುದರಿಂದ ಅದು ಯಾವ ಜಾತಿಯದೆಂದು ಗುರುತಿಸಬಹುದು. ಜೀಮ್ಸಾ ಬಣ್ಣ ಹಾಕಿದ ಮೇಲೆ ಕಣದೊಳಗೆ ಕೆಂಪು ಹರಳಿನ ನೀಲಿ ಉಂಗುರದಂತೆ ಅದು ಕಾಣುವ ಗಳಿಗೆಯ ಬೆರಗು ಇಷ್ಟು ವರ್ಷಗಳಾದರೂ ನನಗೆ ಕಡಿಮೆಯಾಗಿಲ್ಲ. 1880ರಲ್ಲಿ ಅಲ್ಜೀರಿಯಾದಲ್ಲಿ ಸೇನಾ ವೈದ್ಯರಾಗಿದ್ದ ಲಾವೆರಾನ್ ರೋಗಿಯ ರಕ್ತದಲ್ಲಿ ಇದನ್ನು ಮೊದಲು ಕಂಡಾಗ ಬಣ್ಣದ ನೆರವೂ ಇರಲಿಲ್ಲವೆಂಬುದನ್ನು ನೆನೆದರೆ ಆ ಕಣ್ಣಿಗೆ ಕೈಮುಗಿಯಬೇಕೆನಿಸುತ್ತದೆ. ಇಂದು ಹದಿನೈದು ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ ಕೊಡುವ ತ್ವರಿತ ಪರೀಕ್ಷಾ ಪಟ್ಟಿಗಳೂ ಇವೆ. ಸೂಕ್ಷ್ಮದರ್ಶಕವಿಲ್ಲದ ಕಡೆ ಅವು ದೊಡ್ಡ ಉಪಕಾರ.

ಆದರೆ ಯಾವ ಪರೀಕ್ಷೆಯಾದರೂ ಒಮ್ಮೆ "ಇಲ್ಲ" ಎಂದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. ಪರಾವಲಂಬಿಗಳ ಸಂಖ್ಯೆ ಆ ಹೊತ್ತಿನಲ್ಲಿ ತೀರ ಕಡಿಮೆ ಇದ್ದಿರಬಹುದು. ಫಾಲ್ಸಿಪಾರಂ ಜಾತಿಯದಾದರೆ ಬಲಿತ ರೂಪಗಳು ಒಳಾಂಗಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು, ಬೆರಳಿನ ರಕ್ತದಲ್ಲಿ ಕಾಣಿಸದೆಯೂ ಇರಬಹುದು. ಜ್ವರ ಮುಂದುವರಿದರೆ 12ರಿಂದ 24 ಗಂಟೆಗಳ ಅಂತರದಲ್ಲಿ ಮತ್ತೆ ಒಂದೆರಡು ಬಾರಿ ರಕ್ತ ಕೊಡಬೇಕೆಂದು ಹೇಳುವುದು ಇದೇ ಕಾರಣಕ್ಕೆ. ಪರೀಕ್ಷೆಗೆ ಮೊದಲೇ ಯಾರದೋ ಮನೆಯಲ್ಲಿ ಉಳಿದಿದ್ದ ಮಲೇರಿಯಾ ಮಾತ್ರೆ ಎರಡನ್ನು ನುಂಗಿ ಬರುವವರು ನಮ್ಮ ಕೆಲಸವನ್ನೂ ತಮ್ಮ ಆರೋಗ್ಯವನ್ನೂ ಒಟ್ಟಿಗೆ ಕೆಡಿಸಿಕೊಳ್ಳುತ್ತಾರೆ. ಅಷ್ಟು ಔಷಧ ರೋಗವನ್ನು ಗುಣಪಡಿಸಲು ಸಾಲುವುದಿಲ್ಲ, ಸ್ಲೈಡಿನಲ್ಲಿ ಅದನ್ನು ಮರೆಮಾಡಲು ಮಾತ್ರ ಸಾಕಾಗುತ್ತದೆ.

ಜಾತಿ ಯಾವುದೆಂದು ತಿಳಿಯಲೇಬೇಕಾದದ್ದು ಏಕೆಂದರೆ ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ಮನುಷ್ಯರನ್ನು ಕಾಡುವ ಐದು ಜಾತಿಗಳಲ್ಲಿ ಹೆಚ್ಚು ಸಾವಿಗೆ ಕಾರಣ ಫಾಲ್ಸಿಪಾರಂ. ಸಕಾಲದಲ್ಲಿ ಚಿಕಿತ್ಸೆ ಸಿಗದಿದ್ದರೆ ಅದು ಒಂದೆರಡು ದಿನಗಳಲ್ಲೇ ಮಿದುಳು, ಮೂತ್ರಪಿಂಡ, ಶ್ವಾಸಕೋಶಗಳಿಗೆ ಹಾನಿಮಾಡಬಲ್ಲದು. ಮಾತು ತಡವರಿಸುವುದು, ಎಚ್ಚರ ತಪ್ಪುವುದು, ಫಿಟ್ಸ್, ಉಸಿರಾಟದ ಕಷ್ಟ, ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗುವುದು ಅಥವಾ ನಿಂತೇ ಹೋಗುವುದು, ನುಂಗಿದ್ದೆಲ್ಲ ವಾಂತಿಯಾಗುವುದು, ಎದ್ದು ಕೂರಲೂ ಆಗದ ನಿಶ್ಶಕ್ತಿ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಅಂಥ ರೋಗಿಗೆ ಮಾತ್ರೆಯಲ್ಲ, ಆರ್ಟಿಸುನೇಟ್ ಇಂಜೆಕ್ಷನ್ ಬೇಕು. ಐದು ವರ್ಷದೊಳಗಿನ ಮಕ್ಕಳು ಮತ್ತು ಗರ್ಭಿಣಿಯರ ವಿಷಯದಲ್ಲಿ ಈ ಅವಸರ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000 ಮಂದಿ. ಅವರಲ್ಲಿ ಬಹುಪಾಲು ಆಫ್ರಿಕಾದ ಪುಟ್ಟ ಮಕ್ಕಳು.

ತೊಡಕಿಲ್ಲದ ಫಾಲ್ಸಿಪಾರಂಗೆ ಇಂದು ಕೊಡುವುದು ಆರ್ಟಿಮಿಸಿನಿನ್ ಮೂಲದ ಸಂಯುಕ್ತ ಚಿಕಿತ್ಸೆ, ಸಾಮಾನ್ಯವಾಗಿ ಮೂರು ದಿನ. ಚೀನಾದ ತೂ ಯೂಯೂ ಅವರಿಗೆ 2015ರ ನೊಬೆಲ್ ತಂದುಕೊಟ್ಟ ಈ ಆರ್ಟಿಮಿಸಿನಿನ್ ರಕ್ತದಲ್ಲಿರುವ ಪರಾವಲಂಬಿಗಳನ್ನು ಎಷ್ಟು ವೇಗವಾಗಿ ಕೊಲ್ಲುತ್ತದೆಂದರೆ ಎರಡನೆಯ ದಿನಕ್ಕೇ ರೋಗಿ ಎದ್ದು ಓಡಾಡಬಹುದು. ತೊಂದರೆ ಆರಂಭವಾಗುವುದೂ ಅಲ್ಲಿಂದಲೇ. ವೇಗವಾಗಿ ಕೊಲ್ಲುವ ಆ ಔಷಧ ದೇಹದಿಂದ ವೇಗವಾಗಿ ಹೊರಟೂ ಹೋಗುತ್ತದೆ. ಅಳಿದುಳಿದವುಗಳನ್ನು ಮುಗಿಸುವ ಹೊಣೆ ಜೊತೆಯಲ್ಲಿರುವ, ನಿಧಾನವಾಗಿ ಕೆಲಸಮಾಡುವ ಇನ್ನೊಂದು ಔಷಧದ್ದು. ಅರ್ಧದಲ್ಲಿ ನಿಲ್ಲಿಸಿದರೆ ಬದುಕುಳಿಯುವ ಅವಕಾಶ ಸಿಗುವುದು ಔಷಧವನ್ನು ಹೆಚ್ಚು ತಾಳಿಕೊಂಡವುಗಳಿಗೇ. ಒಂದು ಕಾಲದಲ್ಲಿ ರಾಮಬಾಣವಾಗಿದ್ದ ಕ್ಲೋರೋಕ್ವಿನ್ ಫಾಲ್ಸಿಪಾರಂ ಮೇಲೆ ಜಗತ್ತಿನ ಬಹುಭಾಗದಲ್ಲಿ ಕೆಲಸಮಾಡದಂತಾಗಿರುವಾಗ, ಆರ್ಟಿಮಿಸಿನಿನ್‌ಗೂ ಅದೇ ಗತಿ ಬರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲೇ ಅದನ್ನು ಒಂಟಿ ಮಾತ್ರೆಯಾಗಿ ಮಾರುವುದನ್ನು ನಿಲ್ಲಿಸಬೇಕೆಂದು ಕೇಳಿಕೊಂಡಿತು. ಮೂರು ದಿನದ ಮಾತ್ರೆಗಳ ಜೊತೆ ಕೊಡುವ ಪ್ರೈಮಾಕ್ವಿನ್‌ನ ಒಂದೇ ಒಂದು ಸಣ್ಣ ಪ್ರಮಾಣವನ್ನೂ ಕಡೆಗಣಿಸುವಂತಿಲ್ಲ. ಸೊಳ್ಳೆಗೆ ಸೋಂಕು ದಾಟಿಸುವ, ಬಾಳೆಕಾಯಿಯಂತೆ ಬಾಗಿದ ರೂಪಗಳನ್ನು ಕೊಲ್ಲುವುದು ಅದೇ.

ಇನ್ನು ವೈವಾಕ್ಸ್. ಈ ಪತ್ರ ಬರೆಯುವಂತೆ ಮಾಡಿದ್ದು ನಿಜವಾಗಿ ಇದೇ. ವೈವಾಕ್ಸ್ ಹಾಗೂ ಓವೇಲ್ ಜಾತಿಯ ಪರಾವಲಂಬಿಗಳಲ್ಲಿ ಕೆಲವು ಯಕೃತ್ತಿನಿಂದ ಹೊರಬರದೆ ಅಲ್ಲಿಯೇ ನಿದ್ರಿಸುತ್ತವೆ. ಲಾವೆರಾನ್ ರಕ್ತದಲ್ಲಿ ಕಂಡ ನೂರು ವರ್ಷಗಳ ಮೇಲೆ, ಅಂದರೆ 1980ರ ಸುಮಾರಿಗಷ್ಟೇ, ಈ ನಿದ್ರಿಸುವ ರೂಪ ವಿಜ್ಞಾನಿಗಳ ಕಣ್ಣಿಗೆ ಬಿತ್ತು. ರಕ್ತ ಪರೀಕ್ಷೆಗೆ ಅದು ಸಿಗುವುದಿಲ್ಲ, ಜ್ವರವನ್ನೂ ಬರಿಸುವುದಿಲ್ಲ, ಜ್ವರ ಇಳಿಸುವ ಕ್ಲೋರೋಕ್ವಿನ್‌ಗಾಗಲಿ ಆರ್ಟಿಮಿಸಿನಿನ್‌ಗಾಗಲಿ ಜಗ್ಗುವುದೂ ಇಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎಚ್ಚೆತ್ತು, ಹೊಸ ಸೊಳ್ಳೆಯ ಕಡಿತವೇ ಇಲ್ಲದೆ, ಮತ್ತೆ ಚಳಿಜ್ವರ ತರುತ್ತದೆ. ನನ್ನ ಮೇಜಿನ ಮುಂದೆ ಮರಳಿ ಬಂದು ಕುಳಿತವರಲ್ಲಿ ಹಲವರು ತಮಗೆ ಮತ್ತೆ ಸೊಳ್ಳೆ ಕಚ್ಚಿದೆಯೆಂದೇ ನಂಬಿದ್ದರು. ಅವರಲ್ಲಿ ಎಷ್ಟೋ ಮಂದಿಗೆ ಬಂದದ್ದು ಹಳೆಯ ರೋಗವೇ ಇರಬೇಕು.

ನಿದ್ರಿಸುವ ಈ ರೂಪವನ್ನು ಕೊಲ್ಲಲು ಪ್ರೈಮಾಕ್ವಿನ್ ಮಾತ್ರೆಗಳನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಜ್ವರ ಮೂರು ದಿನಕ್ಕೇ ಹೋಗಿ, ಉಳಿದ ಹನ್ನೊಂದು ದಿನ ಆರೋಗ್ಯವಂತನಂತೆ ಓಡಾಡುತ್ತಲೇ ದಿನವೂ ಮಾತ್ರೆ ನುಂಗುವುದು ಯಾರಿಗಾದರೂ ಬೇಸರದ ಕೆಲಸ ಎಂಬುದನ್ನು ಒಪ್ಪುತ್ತೇನೆ. ಇದನ್ನು ಅರಿತೇ ಕೆಲವೆಡೆ 7 ದಿನಗಳ ಕ್ರಮವನ್ನು ಅನುಸರಿಸುತ್ತಿದ್ದಾರೆ, ಟಫೆನೊಕ್ವಿನ್ ಎಂಬ ಒಂದೇ ಬಾರಿಯ ಔಷಧವೂ ಬಂದಿದೆ. ಆದರೆ ಯಾವುದನ್ನೂ ತಾನಾಗಿ ತೆಗೆದುಕೊಳ್ಳುವಂತಿಲ್ಲ. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದವರಲ್ಲಿ ಈ ಔಷಧಗಳು ಕೆಂಪು ರಕ್ತಕಣಗಳನ್ನು ಒಡೆದು ಅಪಾಯ ತರಬಲ್ಲವಾದ್ದರಿಂದ ಆ ಕೊರತೆಯ ಪರೀಕ್ಷೆ ಮೊದಲು ಆಗಬೇಕು. ಗರ್ಭಿಣಿಯರಿಗೂ ಆರು ತಿಂಗಳೊಳಗಿನ ಶಿಶುಗಳಿಗೂ ಇವನ್ನು ಕೊಡುವುದಿಲ್ಲ. ಮಾತ್ರೆ ನುಂಗುವ ದಿನಗಳಲ್ಲಿ ಮೂತ್ರ ಕಡುಗಪ್ಪಾದರೆ, ಮೈ ಬಿಳಿಚಿಕೊಂಡು ಏದುಸಿರು ಬಂದರೆ, ತಕ್ಷಣ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಅರ್ಧದಲ್ಲಿ ಮಾತ್ರೆ ಬಿಡಲು ನಾನು ಒಪ್ಪುವ ಕಾರಣ ಇಂಥದ್ದು ಮಾತ್ರ.

ತಡೆಯ ವಿಷಯಕ್ಕೆ ಬಂದರೆ, ಪತ್ರಿಕೆಗಳ ಮೇಲೆ ಒಂದು ಸಣ್ಣ ಆಕ್ಷೇಪವಿದೆ. ಮಲೇರಿಯಾ ಸುದ್ದಿಯ ಪಕ್ಕದಲ್ಲಿ ಎಷ್ಟೋ ಸಲ ಕಾಲುಗಳ ಮೇಲೆ ಕಪ್ಪು ಬಿಳುಪು ಪಟ್ಟೆಗಳಿರುವ ಈಡಿಸ್ ಸೊಳ್ಳೆಯ ಚಿತ್ರ ಅಚ್ಚಾಗಿರುತ್ತದೆ. ಅದು ಡೆಂಗಿ ಹರಡುವ, ಹಗಲಿನಲ್ಲಿ ಕಚ್ಚುವ ಸೊಳ್ಳೆ. ಮಲೇರಿಯಾ ಹರಡುವ ಹೆಣ್ಣು ಅನಾಫಿಲಿಸ್ ಕಚ್ಚುವುದು ಮುಸ್ಸಂಜೆಯಿಂದ ಮುಂಜಾವದವರೆಗೆ, ಅದು ಕೂರುವುದು ಹಿಂಭಾಗವನ್ನು ಮೇಲೆತ್ತಿ. ಚಿತ್ರ ತಪ್ಪಾದರೇನಂತೆ ಎನ್ನಬಹುದು. ಆದರೆ ಹಗಲಿನ ಸೊಳ್ಳೆಗೆ ಹೆದರಿ ತೋಳು ತುಂಬ ಬಟ್ಟೆ ಹಾಕಿಕೊಂಡವರೇ ರಾತ್ರಿ ಪರದೆಯಿಲ್ಲದೆ ಮಲಗುವುದನ್ನು ನಾನು ಕಂಡಿದ್ದೇನೆ.

ಸೊಳ್ಳೆಯ ವಯಸ್ಸಿನ ಸಂಗತಿಯೂ ಹೆಚ್ಚು ಜನರಿಗೆ ಗೊತ್ತಿಲ್ಲ. ರೋಗಿಯ ರಕ್ತ ಹೀರಿದ ಕೂಡಲೇ ಸೊಳ್ಳೆ ರೋಗ ಹರಡಲಾರದು. ಪರಾವಲಂಬಿ ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿನ ಗ್ರಂಥಿ ಸೇರಲು ಹತ್ತಕ್ಕೂ ಹೆಚ್ಚು ದಿನ ಹಿಡಿಯಬಹುದು. ಅಷ್ಟು ದಿನ ಬದುಕಿದ ಮುದಿ ಸೊಳ್ಳೆ ಮಾತ್ರ ಅಪಾಯಕಾರಿ. ಕೀಟನಾಶಕ ಲೇಪಿಸಿದ ಪರದೆ ಮತ್ತು ಒಳಗೋಡೆಗಳ ಮೇಲಿನ ಸಿಂಪಡಣೆಗಳ ಗುಟ್ಟು ಇಷ್ಟೇ: ಆ ಹತ್ತು ದಿನ ಅದನ್ನು ಬದುಕಗೊಡದಿರುವುದು. ಹೀಗಾಗಿ ಸಿಂಪಡಿಸಿ ಹೋದ ವಾರದಲ್ಲೇ ಗೋಡೆ ತೊಳೆಯುವುದು, ಸುಣ್ಣ ಬಳಿಯುವುದು ಆ ಶ್ರಮವನ್ನೆಲ್ಲ ನೀರುಪಾಲು ಮಾಡಿದಂತೆ. ಜ್ವರ ಬಂದವರನ್ನು ಪರದೆಯೊಳಗೆ ಮಲಗಿಸುವುದೂ ಅಷ್ಟೇ ಮುಖ್ಯ, ಏಕೆಂದರೆ ಸೊಳ್ಳೆಗೆ ರೋಗ ಸಿಗುವುದು ಅವರಿಂದಲೇ. ನಿಂತ ನೀರನ್ನು ವಾರಕ್ಕೊಮ್ಮೆ ಖಾಲಿಮಾಡುವ, ತೊಟ್ಟಿಗಳನ್ನು ಮುಚ್ಚುವ ಮಾತು ಎಲ್ಲರಿಗೂ ಗೊತ್ತಿದೆ. ಅನಾಫಿಲಿಸ್ ಹೆಚ್ಚಾಗಿ ಇಷ್ಟಪಡುವುದು ಕೊಳಚೆಯನ್ನಲ್ಲ, ತಿಳಿನೀರನ್ನು ಎಂಬುದನ್ನಷ್ಟೇ ಸೇರಿಸುತ್ತೇನೆ.

ಲಸಿಕೆಗಳ ಬಗ್ಗೆ ಕೇಳುವವರಿದ್ದಾರೆ. 2021ರಲ್ಲಿ ಒಂದನ್ನು, 2023ರಲ್ಲಿ ಇನ್ನೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದರೂ ಅವೆರಡೂ ಫಾಲ್ಸಿಪಾರಂ ವಿರುದ್ಧ, ಮಲೇರಿಯಾ ಪೀಡಿತ ಪ್ರದೇಶಗಳ ಮಕ್ಕಳಿಗಾಗಿ ಇರುವಂಥವು. ಅಂಥ ಪ್ರದೇಶಗಳಿಗೆ ಪ್ರವಾಸ ಹೋಗುವ ವಯಸ್ಕರಿಗೆ ವೈದ್ಯರು ಮುನ್ನೆಚ್ಚರಿಕೆಯ ಮಾತ್ರೆ ಬರೆದುಕೊಡುತ್ತಾರೆ. ಅಲ್ಲಿಯೂ ಅದೇ ಕತೆ: ಊರಿಗೆ ಮರಳಿದೆವೆಂದು ಮಾತ್ರೆ ನಿಲ್ಲಿಸುತ್ತಾರೆ. ಡಾಕ್ಸಿಸೈಕ್ಲಿನ್ ಅಥವಾ ಮೆಫ್ಲೊಕ್ವಿನ್ ಆದರೆ ಮರಳಿದ ಮೇಲೂ ನಾಲ್ಕು ವಾರ ಮುಂದುವರಿಸಬೇಕು, ಏಕೆಂದರೆ ಕೊನೆಯ ರಾತ್ರಿ ಕಚ್ಚಿದ ಸೊಳ್ಳೆ ಬಿಟ್ಟುಹೋದದ್ದು ಇನ್ನೂ ಯಕೃತ್ತಿನಲ್ಲಿರುತ್ತದೆ.

ವೈದ್ಯರಲ್ಲಿಯೂ ಔಷಧ ಕೊಡುವವರಲ್ಲಿಯೂ ನನ್ನದೊಂದು ಕೋರಿಕೆಯಿದೆ. ಮಲೇರಿಯಾ ಮಾತ್ರೆ ಕೊಡುವಾಗ "ಪೂರ್ತಿ ತೆಗೆದುಕೊಳ್ಳಿ" ಎಂದು ಬಾಯಲ್ಲಿ ಹೇಳಿ ಕಳಿಸುವ ಬದಲು, ಕೊನೆಯ ಮಾತ್ರೆ ನುಂಗಬೇಕಾದ ದಿನಾಂಕವನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಡಿ. ಅದರ ಕೆಳಗೆ, ಮುಂದೆ ಒಂದು ವರ್ಷದೊಳಗೆ ಯಾವ ಜ್ವರ ಬಂದರೂ, ಯಾರಿಗಾದರೂ ರಕ್ತದಾನ ಮಾಡಲು ಹೋದರೂ, ಹಿಂದೆ ಮಲೇರಿಯಾ ಆಗಿತ್ತೆಂದು ಮೊದಲೇ ತಿಳಿಸಬೇಕೆಂಬ ಇನ್ನೊಂದು ಸಾಲನ್ನೂ ಸೇರಿಸಿ.

ಇಂತಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ